ಅಂಡಮಾನ್ ಪ್ರವಾಸ: ಹೋಟೆಲ್‌ಗಿಂತ ಮೊದಲು ಫೆರ್ರಿ

ಅಂಡಮಾನ್‌ಗೆ ಹೊರಡುವವರಲ್ಲಿ ಹೆಚ್ಚಿನವರು ಮೊದಲು ವಿಮಾನದ ಟಿಕೆಟ್ ಮಾಡಿಸುತ್ತಾರೆ, ಆಮೇಲೆ ಹೋಟೆಲ್ ಹುಡುಕುತ್ತಾರೆ, ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರ್ರಿಯನ್ನು ಅಲ್ಲಿಗೆ ಹೋದಮೇಲೆ ನೋಡಿಕೊಳ್ಳೋಣ ಎಂದು ಬಿಡುತ್ತಾರೆ. ಗೋವಾಕ್ಕೋ ಗೋಕರ್ಣಕ್ಕೋ ಆದರೆ ಇದು ನಡೆಯುತ್ತದೆ. ಬಸ್ಸು ತಪ್ಪಿದರೆ ಟ್ಯಾಕ್ಸಿ ಇದ್ದೇ ಇದೆ. ಇಲ್ಲಿ ಫೆರ್ರಿ ತಪ್ಪಿದರೆ ಹೆಚ್ಚುಕಡಿಮೆ ಆ ದಿನವೇ ಹೋಯಿತು, ಮುಂದಿನ ದ್ವೀಪದಲ್ಲಿ ಮುಂಗಡ ಕೊಟ್ಟ ರೂಮಿನ ಬಾಡಿಗೆಯೂ ಹೋಯಿತು. ದಿನಾಂಕ ಗೊತ್ತಾದ ಕೂಡಲೇ ವಿಮಾನದ ವೇಳೆ, ಫೆರ್ರಿಯ ವೇಳೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಟ್ಟಿಗೇ ಬುಕ್ ಮಾಡಿ. ರೂಮುಗಳನ್ನು ಅದರ ಸುತ್ತ ಹೊಂದಿಸಿಕೊಳ್ಳುವುದು ಕಷ್ಟವಲ್ಲ.

ಬುಕಿಂಗ್‌ಗೆ ಕೂತಾಗ ಮೊದಲು ಕಾಡುವುದು ಹೆಸರುಗಳು. ಹ್ಯಾವ್ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ್, ನೀಲ್ ದ್ವೀಪಕ್ಕೆ ಶಹೀದ್ ದ್ವೀಪ್, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ ಎಂದು 2018ರ ಕೊನೆಯಲ್ಲಿ ಹೆಸರಿಟ್ಟರು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಒಂದು ಜಾಲತಾಣದಲ್ಲಿ ಹಳೆಯ ಹೆಸರು, ಇನ್ನೊಂದರಲ್ಲಿ ಹೊಸದು. ಎರಡೂ ಗೊತ್ತಿದ್ದರೆ ಗೊಂದಲವಿಲ್ಲ. ವಿಮಾನ ನಿಲ್ದಾಣದ ಸಂಕೇತ ಮಾತ್ರ ಅದೇ ಐಎಕ್ಸ್‌ಝಡ್. ನಿಜಕ್ಕೂ ಎಡವಟ್ಟಾಗುವುದು ಇನ್ನೊಂದು ಕಡೆ: ಪೋರ್ಟ್ ಬ್ಲೇರ್ ಎದುರಿಗೇ ಇರುವ, ಬ್ರಿಟಿಷ್ ಕಟ್ಟಡಗಳ ಅವಶೇಷ ಇರುವ ರಾಸ್ ದ್ವೀಪ ಬೇರೆ, ಮರಳಿನ ದಿಬ್ಬವೊಂದು ಎರಡು ದ್ವೀಪಗಳನ್ನು ಜೋಡಿಸುವ ಫೋಟೋ ನೋಡಿರುತ್ತೀರಲ್ಲ, ಆ ‘ರಾಸ್ ಮತ್ತು ಸ್ಮಿತ್’ ಬೇರೆ. ಎರಡನೆಯದು ಉತ್ತರದ ತುದಿಯ ದಿಗ್ಲಿಪುರದ ಹತ್ತಿರ, ರಸ್ತೆಯಲ್ಲಿ ಇಡೀ ಒಂದು ದಿನದ ದಾರಿ. ಪ್ಯಾಕೇಜ್‌ನಲ್ಲಿ ಬರೀ ‘ರಾಸ್’ ಎಂದಿದ್ದರೆ ಅದು ಮೊದಲನೆಯದೇ.

ಯಾವ ತಿಂಗಳು ಹೋಗಬೇಕು? ಜನವರಿಯಿಂದ ಮಾರ್ಚ್. ಸಮುದ್ರ ಶಾಂತ, ನೀರು ತಿಳಿ, ಫೆರ್ರಿ ರದ್ದಾಗುವುದು ಕಡಿಮೆ. ಏಪ್ರಿಲ್‌ನಲ್ಲಿ ಸೆಕೆ ಇದ್ದರೂ ನೀರಿಗಿಳಿಯುವವರಿಗೆ ಒಳ್ಳೆಯದೇ. ಮುಂಗಾರು ಕೇರಳಕ್ಕಿಂತ ಮೊದಲು ಮುಟ್ಟುವುದು ಅಂಡಮಾನ್ ಸಮುದ್ರವನ್ನು, ಸಾಮಾನ್ಯವಾಗಿ ಮೇ ಮೂರನೆಯ ವಾರದ ಹೊತ್ತಿಗೆ. ಹಾಗಾಗಿ ಮಕ್ಕಳ ಬೇಸಿಗೆ ರಜೆ ಎಂದು ಮೇ ಕೊನೆಗೆ ಟಿಕೆಟ್ ಮಾಡಿಸಿದರೆ ಮಳೆಯನ್ನು ಹುಡುಕಿಕೊಂಡು ಹೋದಂತೆ. ರಜೆ ಏಪ್ರಿಲ್‌ನಲ್ಲೇ ಶುರುವಾಗುವ ನಮ್ಮ ಶಾಲೆಗಳಿಗೆ ಏಪ್ರಿಲ್ ಎರಡನೇ ಭಾಗ ಸರಿಹೊಂದುತ್ತದೆ. ನವೆಂಬರ್, ಡಿಸೆಂಬರ್ ಮೊದಲರ್ಧ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ. 2016ರ ಡಿಸೆಂಬರ್ ಮೊದಲ ವಾರ, ಮುಂದೆ ವರ್ಧಾ ಚಂಡಮಾರುತವಾದ ವಾಯುಭಾರ ಕುಸಿತದಿಂದ ಹ್ಯಾವ್ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡು, ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಆ ತಿಂಗಳುಗಳಲ್ಲಿ ಹೋಗಲೇಬಾರದು ಎಂದಲ್ಲ. ಹೋದರೆ ಒಂದು ದಿನ ಖಾಲಿ ಇಟ್ಟುಕೊಳ್ಳಿ, ರದ್ದು ಮಾಡಿದರೆ ಹಣ ವಾಪಸ್ ಬರುವ ರೂಮುಗಳನ್ನೇ ಹಿಡಿಯಿರಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹವೆ ಚೆನ್ನಾಗಿದ್ದರೂ ದರ ಏರಿರುತ್ತದೆ, ಫೆರ್ರಿ ತುಂಬಿರುತ್ತದೆ. ದಸರಾ ರಜೆಯಲ್ಲೂ ಬಂಗಾಳದ ಕಡೆಯಿಂದ ಜನ ಹೆಚ್ಚು.

ಇನ್ನೊಂದು ವಿಷಯ ಬಹಳ ಜನರ ಲೆಕ್ಕಕ್ಕೇ ಬರುವುದಿಲ್ಲ: ಅಲ್ಲಿನ ಹಗಲು. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮುಂದೆ. ಡಿಸೆಂಬರ್‌ನಲ್ಲಿ ಐದು ಗಂಟೆಗೆಲ್ಲ ಸೂರ್ಯಾಸ್ತ ಆಗಿಹೋಗಿರುತ್ತದೆ, ಮಾರ್ಚ್‌ನಲ್ಲಿ ಐದೂವರೆ. ಬೆಳಗ್ಗೆ ಐದೂವರೆಗೆ ಚೆನ್ನಾಗಿ ಬೆಳಕು ಬಿಟ್ಟಿರುತ್ತದೆ. ನೀರಿನ ಆಟ, ಸಣ್ಣ ಬೋಟುಗಳ ಓಡಾಟ ಎಲ್ಲ ಮಧ್ಯಾಹ್ನ ಎರಡು–ಮೂರಕ್ಕೆ ಮುಗಿಯುತ್ತದೆ. ರಜೆ ಎಂದು ಒಂಬತ್ತಕ್ಕೆ ಎದ್ದು, ತಿಂಡಿ ಮುಗಿಸಿ ಹನ್ನೊಂದಕ್ಕೆ ಹೊರಟರೆ ಅರ್ಧ ದಿನ ಕಳೆದುಕೊಂಡಿರಿ ಎಂದೇ ಅರ್ಥ. ಆರಕ್ಕೆ ಹೊರಗಿರಿ, ಮಧ್ಯಾಹ್ನ ಮಲಗಿ, ನಾಲ್ಕಕ್ಕೆ ಮತ್ತೆ ಕಡಲ ದಂಡೆಗೆ ಬನ್ನಿ. ಈ ಲೆಕ್ಕಕ್ಕೆ ಹೊಂದಿಕೊಂಡವರಿಗೆ ಬಿಸಿಲಿನ ಕಾಟವೂ ಕಡಿಮೆ.

ಆರು ರಾತ್ರಿ ಇದ್ದರೆ ಧಾರಾಳ, ಐದಕ್ಕಿಂತ ಕಡಿಮೆ ಆದರೆ ಓಡಾಟವೇ ಹೆಚ್ಚು. ಮೊದಲ ದಿನ ಪೋರ್ಟ್ ಬ್ಲೇರ್, ಎರಡನೇ ದಿನ ಬೆಳಗಿನ ಫೆರ್ರಿಯಲ್ಲಿ ಹ್ಯಾವ್ಲಾಕ್, ಅಲ್ಲಿ ಎರಡು ರಾತ್ರಿ (ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಇಳಿಯುವ ಆಸೆ ಇದ್ದರೆ ಮೂರು), ಅಲ್ಲಿಂದ ನೇರ ನೀಲ್‌ಗೆ ಹೋಗಿ ಒಂದು ರಾತ್ರಿ, ಮರುದಿನ ಪೋರ್ಟ್ ಬ್ಲೇರ್‌ಗೆ ವಾಪಸ್. ವಿಮಾನದ ಹಿಂದಿನ ರಾತ್ರಿ ಕಡ್ಡಾಯವಾಗಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಬೆಳಗ್ಗೆ ಹ್ಯಾವ್ಲಾಕ್‌ನಿಂದ ಫೆರ್ರಿ ಹತ್ತಿ ಮಧ್ಯಾಹ್ನ ವಿಮಾನ ಹಿಡಿಯಬಹುದು ಎಂದು ಏಜೆಂಟರು ಒಂದು ರಾತ್ರಿ ಉಳಿಸಿಕೊಡುತ್ತಾರೆ. ಗಾಳಿ ಎದ್ದು ಆ ಒಂದು ಫೆರ್ರಿ ರದ್ದಾದರೆ, ಉಳಿಸಿದ್ದರ ಹತ್ತು ಪಟ್ಟು ಹೊಸ ವಿಮಾನದ ಟಿಕೆಟ್‌ಗೆ ತೆರಬೇಕು. ಮುಂದೆ ಹೇಳುವ ಸ್ಕೂಬಾ ಕಾರಣಕ್ಕೂ ಈ ಕ್ರಮವೇ ಸರಿ. ಬೆಂಗಳೂರಿನಿಂದ ನೇರ ವಿಮಾನವಾದರೆ ಎರಡೂವರೆ ಗಂಟೆಯ ಆಸುಪಾಸು. ಬೆಳಗಿನ ವಿಮಾನವನ್ನೇ ಹಿಡಿಯಿರಿ, ಇಳಿದ ದಿನವೂ ಉಪಯೋಗಕ್ಕೆ ಬರುತ್ತದೆ.

ಫೆರ್ರಿಗಳಲ್ಲಿ ಎರಡು ಬಗೆ. ಖಾಸಗಿ ಹಡಗುಗಳು ಹವಾನಿಯಂತ್ರಿತ, ವೇಗದವು. ಹ್ಯಾವ್ಲಾಕ್‌ಗೆ ಒಂದೂವರೆಯಿಂದ ಎರಡು ಗಂಟೆ, ಒಂದು ಕಡೆಗೆ ಸುಮಾರು 1,200ರಿಂದ 2,000 ರೂಪಾಯಿ. ಮ್ಯಾಕ್ರೂಝ್, ನೌಟಿಕಾ, ಗ್ರೀನ್ ಓಷನ್ ಎಂಬ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಸರ್ಕಾರಿ ಹಡಗಿನ ದರ ಇದಕ್ಕಿಂತ ಎಷ್ಟೋ ಕಡಿಮೆ, ಹೊತ್ತು ಸ್ವಲ್ಪ ಹೆಚ್ಚು. ಆದರೆ ಅದು ದ್ವೀಪದವರ ನಿತ್ಯದ ಬಸ್ಸಿದ್ದ ಹಾಗೆ: ಆಸ್ಪತ್ರೆಗೆ, ಶಾಲೆಗೆ, ಸಂತೆಗೆ ಅವರು ಅದರಲ್ಲೇ ಓಡಾಡಬೇಕು, ಸೀಟಿನಲ್ಲಿ ಅವರಿಗೇ ಆದ್ಯತೆ. ಸೀಟು ತೆರೆಯುವುದೂ ಹೊರಡುವ ಕೆಲವೇ ದಿನ ಮುಂಚೆ. ಹಾಗಾಗಿ ಅದನ್ನೇ ನಂಬಿ ಪ್ರವಾಸ ಕಟ್ಟುವುದು ಒಂಟಿಯಾಗಿ ಹೋಗುವವರಿಗೆ ಸರಿ, ಹಿರಿಯರು ಮಕ್ಕಳು ಇರುವ ಸಂಸಾರಕ್ಕೆ ಸರಿಯಲ್ಲ.

ಟಿಕೆಟ್ ಬಂದಮೇಲೆ ಅದರಲ್ಲಿ ಜೆಟ್ಟಿಯ ಹೆಸರು ನೋಡಿ. ಪೋರ್ಟ್ ಬ್ಲೇರ್‌ನಲ್ಲಿ ಸರ್ಕಾರಿ ಹಡಗು ಹೊರಡುವುದು ಫೀನಿಕ್ಸ್ ಬೇ ಜೆಟ್ಟಿಯಿಂದ, ಖಾಸಗಿ ಹಡಗು ಸಾಮಾನ್ಯವಾಗಿ ಹಡ್ಡೋ ಜೆಟ್ಟಿಯಿಂದ. ಆಟೋದವನಿಗೆ ಬರೀ ‘ಜೆಟ್ಟಿ’ ಎಂದರೆ ಯಾವುದಕ್ಕೆ ಕರೆದೊಯ್ಯುತ್ತಾನೋ ಹೇಳಲಾಗದು. ಒಂದು ಗಂಟೆ ಮೊದಲೇ ಅಲ್ಲಿರಿ. ಸಾಮಾನಿನ ತಪಾಸಣೆ, ಗುರುತಿನ ಚೀಟಿ ನೋಡುವುದು ಎಲ್ಲ ಇದೆ. ಟಿಕೆಟ್‌ನಲ್ಲಿರುವ ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಮಕ್ಕಳ ಆಧಾರ್ ಅಥವಾ ಜನನ ಪ್ರಮಾಣಪತ್ರವೂ ಬೇಕು. ಸಾಮಾನಿಗೆ ತೂಕದ ಮಿತಿ ಇರುತ್ತದೆ, ಟ್ರಾಲಿಗಳನ್ನು ನಾವೇ ಎಳೆದುಕೊಂಡು ಹೋಗುವುದೂ ಇದೆ. ಒಬ್ಬರಿಗೆ ಒಂದೇ ಬ್ಯಾಗು ಇದ್ದರೆ ಸುಖ.

ವಾಂತಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಚ್ಚಿದ ಎಸಿ ಹಡಗಿನಲ್ಲಿ ಹೊರಗಾಳಿ ಇಲ್ಲ, ಒಬ್ಬರು ಶುರು ಮಾಡಿದರೆ ಸಾಲಾಗಿ ಶುರುವಾಗುತ್ತದೆ. ಅವೊಮಿನ್‌ನಂಥ ಮಾತ್ರೆ ಹತ್ತುವ ಒಂದು ಗಂಟೆಗೆ ಮೊದಲೇ ಹೊಟ್ಟೆ ಸೇರಿರಬೇಕು. ತಲೆ ಸುತ್ತಲು ಹತ್ತಿದಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ, ಅಷ್ಟೇ. ಮಕ್ಕಳಿಗೆ ಯಾವ ಮಾತ್ರೆ, ಎಷ್ಟು ಎಂಬುದನ್ನು ಊರಲ್ಲೇ ವೈದ್ಯರನ್ನು ಕೇಳಿಕೊಂಡು ಬನ್ನಿ. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗುವೂ ಬೇಡ. ಎರಡು ಇಡ್ಲಿ, ಬಾಳೆಹಣ್ಣು ಸಾಕು. ಸೀಟು ಆಯ್ಕೆ ಮಾಡುವಾಗ ಕೆಳಗಿನ ಅಂತಸ್ತಿನಲ್ಲಿ ನಡು ಭಾಗ ಹಿಡಿಯಿರಿ, ಮುಂಭಾಗ ಹೆಚ್ಚು ಎಗರುತ್ತದೆ. ಫೋನ್ ನೋಡದೆ ಕಿಟಕಿಯಾಚೆ ದಿಗಂತ ನೋಡುತ್ತಿದ್ದರೆ ತಲೆಸುತ್ತು ಕಡಿಮೆ. ಕಡಲಿನ ಹೊಯ್ದಾಟ ಒಗ್ಗುವವರಿಗೆ ಮೇಲ್ಗಡೆ ತೆರೆದ ಜಾಗ ಇರುವ ಹಡಗು ಹೆಚ್ಚು ಚೆಂದ.

ಪೋರ್ಟ್ ಬ್ಲೇರ್‌ನಲ್ಲಿ ಮೊದಲ ದಿನಕ್ಕೆ ಸೆಲ್ಯುಲರ್ ಜೈಲು ಸಾಕು. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ. ಏಳು ತೋಳುಗಳಲ್ಲಿ ಈಗ ಉಳಿದಿರುವುದು ಮೂರು. ಒಂದು ತೋಳಿನ ಕೋಣೆಗಳ ಬಾಗಿಲು ಇನ್ನೊಂದರ ಬೆನ್ನಿಗೆ ಮುಖ ಮಾಡಿರುವುದನ್ನು ಗಮನಿಸಿ: ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣಬಾರದೆಂದೇ ಹಾಗೆ ಕಟ್ಟಿದ್ದು. ಮಧ್ಯದ ಗೋಪುರ ಹತ್ತಿದರೆ ಈ ಲೆಕ್ಕಾಚಾರ ಸ್ಪಷ್ಟವಾಗುತ್ತದೆ. ಸಂಜೆಯ ಧ್ವನಿ–ಬೆಳಕು ಪ್ರದರ್ಶನದ ಟಿಕೆಟ್ ಮುಂಚೆಯೇ ಮಾಡಿಸಿಕೊಳ್ಳಿ. ವಾರದ ರಜೆಗಳು ಒಂದೊಂದು ಜಾಗಕ್ಕೆ ಒಂದೊಂದು ದಿನ ಇರುತ್ತವೆ, ರಾಸ್ ದ್ವೀಪಕ್ಕೆ ಬುಧವಾರ ಎಂಬ ರೂಢಿ. ಹೋಗುವ ವಾರ ಹೋಟೆಲ್‌ನವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ರಾಸ್‌ನ್ನು ವಾಪಸ್ ಬಂದ ದಿನಕ್ಕೆ ಇಟ್ಟುಕೊಳ್ಳಿ, ಫೆರ್ರಿ ಕೈಕೊಟ್ಟರೆ ಬಿಟ್ಟುಬಿಡಬಹುದಾದದ್ದು ಅದೇ.

ಹ್ಯಾವ್ಲಾಕ್‌ನಲ್ಲಿ ಬೀಚುಗಳಿಗೆ ನಂಬರಿನ ಲೆಕ್ಕ. ಜೆಟ್ಟಿಯಿಂದ ಪೂರ್ವದ ಕಡೆಗೆ ಮೂರನೇ ನಂಬರ್ ಗೋವಿಂದನಗರ, ಐದನೇ ನಂಬರ್ ವಿಜಯನಗರ. ರೂಮು, ಊಟ, ಡೈವಿಂಗ್ ಅಂಗಡಿಗಳೆಲ್ಲ ಈ ಕಡೆ. ಏಳನೇ ನಂಬರ್ ರಾಧಾನಗರ, ಪಶ್ಚಿಮಕ್ಕೆ, ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಪೂರ್ವದ ದಂಡೆಯಲ್ಲಿ ಇಳಿತದ ಹೊತ್ತಿಗೆ ನೀರು ಬಹಳ ದೂರ ಸರಿದು ಕಲ್ಲು, ಹವಳ ಬಯಲಾಗುತ್ತದೆ. ‘ಬೀಚ್ ಎದುರಿನ ರೂಮು’ ಎಂದು ದುಡ್ಡು ಕೊಟ್ಟವರು ಇದನ್ನು ನೋಡಿ ಪೆಚ್ಚಾಗುತ್ತಾರೆ. ಈಜಲು ರಾಧಾನಗರವೇ ಸರಿ. ಸೂರ್ಯಾಸ್ತಕ್ಕೆ ಎಲ್ಲರೂ ಅಲ್ಲಿಗೇ ಬರುತ್ತಾರೆ, ನೀವು ಮೂರೂವರೆಗೇ ಸೇರಿಕೊಂಡು ಈಜಿ, ಮುಳುಗುವುದನ್ನು ನೋಡಿ ಹೊರಡಿ. ಕತ್ತಲಾದಮೇಲೆ ದಾರಿಯಲ್ಲಿ ದೀಪವಿಲ್ಲ. ಆಟೋ ಮಾಡಿದರೆ ವಾಪಸ್ ಬರುವುದನ್ನೂ ಸೇರಿಸಿ ಮಾತಾಡಿಕೊಳ್ಳಿ. ಸ್ಕೂಟರ್ ಬಾಡಿಗೆ ದಿನಕ್ಕೆ 500–700ರ ಸುಮಾರು. ಮೂಲ ಲೈಸೆನ್ಸ್ ಜೊತೆಗಿರಲಿ, ಹೊರಡುವ ಮೊದಲು ಗೀರುಗಳ ವಿಡಿಯೋ ತೆಗೆದಿಡಿ.

ಮೊಸಳೆಯ ಎಚ್ಚರಿಕೆ ಫಲಕ ಕಂಡರೆ ಅದು ಅಲಂಕಾರಕ್ಕಲ್ಲ. ಇಲ್ಲಿರುವುದು ಉಪ್ಪುನೀರಿನ ಮೊಸಳೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೊಲ್ಲಿಗಳಿಂದ ಸಮುದ್ರಕ್ಕೂ ಬರುತ್ತದೆ. 2010ರಲ್ಲಿ ಹ್ಯಾವ್ಲಾಕ್‌ನಲ್ಲೇ ಸ್ನಾರ್ಕ್ಲಿಂಗ್ (ಉಸಿರಾಟದ ಕೊಳವೆ ಕಚ್ಚಿ ನೀರಿನ ಮೇಲೇ ತೇಲುತ್ತ ಕೆಳಗೆ ನೋಡುವುದು) ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಬಲಿಯಾದರು. ಜೀವರಕ್ಷಕರಿರುವ ಕಡೆ, ಅವರು ಗುರುತು ಮಾಡಿದ ಜಾಗದಲ್ಲಿ, ಹಗಲಲ್ಲಿ ಈಜಿ. ತೊರೆ ಬಂದು ಸಮುದ್ರ ಸೇರುವ ಬಾಯಿಯಲ್ಲಿ ಇಳಿಯಬೇಡಿ.

ಈಗ ಸ್ಕೂಬಾ. ಮೊದಲ ಸಲದವರಿಗೆ ಮಾಡಿಸುವ ಡೈವ್‌ಗೆ ಈಜು ಬರಬೇಕೆಂದಿಲ್ಲ. ತರಬೇತುದಾರ ಉದ್ದಕ್ಕೂ ಹಿಡಿದುಕೊಂಡೇ ಇರುತ್ತಾನೆ. ಹತ್ತು ವರ್ಷ ತುಂಬಿರಬೇಕು. ಆಳ ಹೆಚ್ಚೆಂದರೆ 12 ಮೀಟರ್. 3,500ರಿಂದ 5,000 ರೂಪಾಯಿಯವರೆಗೆ ಕೇಳುತ್ತಾರೆ. ತೀರಾ ಕಡಿಮೆ ಹೇಳಿದರೆ ಒಬ್ಬ ತರಬೇತುದಾರನಿಗೆ ಎಷ್ಟು ಜನ ಎಂದು ಕೇಳಿ, ಒಬ್ಬರಿಗೆ ಒಬ್ಬ ಎಂದರೆ ಮಾತ್ರ ಒಪ್ಪಿ. ಆರೋಗ್ಯದ ಫಾರ್ಮ್ ಕೊಟ್ಟಾಗ ಎಲ್ಲಕ್ಕೂ ‘ಇಲ್ಲ’ ಎಂದು ಗೀಚಬೇಡಿ: ಅಸ್ತಮಾ, ಮೂರ್ಛೆ, ಹೃದಯದ ತೊಂದರೆ, ಕಿವಿಯ ಆಪರೇಷನ್, ಗರ್ಭಿಣಿ, ಇವಕ್ಕೆಲ್ಲ ಕಾರಣವಿದ್ದೇ ಕೇಳುವುದು. ಶೀತವಾಗಿ ಮೂಗು ಕಟ್ಟಿದ್ದರೆ ಮುಂದಕ್ಕೆ ಹಾಕಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಗಾಳಿ ಅದಕ್ಕೆ ಸಮವಾಗುವುದಿಲ್ಲ, ತಮಟೆಗೆ ಪೆಟ್ಟಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುವುದನ್ನು ನೋವು ಬಂದಮೇಲಲ್ಲ, ಇಳಿಯಲು ಶುರು ಮಾಡಿದ ಕೂಡಲೇ, ಒಂದೊಂದು ಮೀಟರ್‌ಗೂ ಮಾಡಬೇಕು. ಆದರೂ ನೋವೆಂದರೆ ನಿಲ್ಲಿ, ಕಿವಿ ತೋರಿಸಿ, ಸ್ವಲ್ಪ ಮೇಲೆ ಬನ್ನಿ.

ಕೈಸನ್ನೆಯಲ್ಲಿ ಹೊಸಬರೆಲ್ಲ ಎಡವುವುದು ಹೆಬ್ಬೆರಳಿನಲ್ಲಿ. ‘ಚೆನ್ನಾಗಿದೆ’ ಎಂದು ಹೆಬ್ಬೆರಳು ಎತ್ತಿದರೆ ನೀರೊಳಗೆ ಅದರರ್ಥ ‘ಮೇಲಕ್ಕೆ ಹೋಗೋಣ’. ತರಬೇತುದಾರ ನಿಮ್ಮನ್ನು ಮೇಲಕ್ಕೆ ತಂದುಬಿಡುತ್ತಾನೆ, ತಪ್ಪು ಅವನದಲ್ಲ. ಸರಿಯಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ದಪ್ಪ ಮೀಸೆಯವರ ಮಾಸ್ಕ್‌ನೊಳಗೆ ನೀರು ಜಿನುಗುತ್ತದೆ. ಮೇಲ್ತುಟಿಯ ಹತ್ತಿರ ಮೀಸೆ ಸ್ವಲ್ಪ ಕತ್ತರಿಸಿಕೊಂಡರೆ, ಇಲ್ಲವೇ ವ್ಯಾಸಲೀನ್ ಸವರಿದರೆ ತಡೆಯುತ್ತದೆ. ಹಿಂದಿನ ರಾತ್ರಿ ಮದ್ಯ ಬೇಡ, ಬೆಳಗ್ಗೆ ನಿದ್ದೆ ಬರಿಸುವ ವಾಂತಿ ಮಾತ್ರೆಯೂ ಬೇಡ. ಡೈವ್ ಮುಗಿದ ಮೇಲೆ ಪೂರ್ತಿ ಒಂದು ದಿನ ವಿಮಾನ ಹತ್ತಬಾರದು, ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಹೊತ್ತು ಬೇಕು. ಸ್ಕೂಬಾವನ್ನು ಹ್ಯಾವ್ಲಾಕ್‌ನಲ್ಲಿ ಮೊದಲ ರಾತ್ರಿ ಕಳೆದ ಬೆಳಗಿಗೇ ಇಟ್ಟುಕೊಂಡರೆ ಹವೆ ಕೆಟ್ಟರೂ ಮರುದಿನ ಇದೆ, ವಿಮಾನಕ್ಕೂ ಸಾಕಷ್ಟು ಅಂತರ ಇದೆ.

ನೀರೊಳಗೆ ಹೋಗಲು ಹೆದರುವವರಿಗೆ ಎಲಿಫೆಂಟ್ ಬೀಚ್‌ನಲ್ಲಿ ಸ್ನಾರ್ಕ್ಲಿಂಗ್. ಜೆಟ್ಟಿಯಿಂದ ಬೋಟಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದು, ಕಾಡಿನ ಕಾಲುದಾರಿಯೂ ಉಂಟು, ಮಳೆ ಬಂದಿದ್ದರೆ ಕೆಸರು. ಮೊದಲ ಬೋಟಿಗೆ ಹೋಗಿ. ಹತ್ತರ ನಂತರ ಜನಜಂಗುಳಿಗೆ ಮರಳು ಎದ್ದು ನೀರು ಮಬ್ಬಾಗುತ್ತದೆ. ಹವಳದ ಮೇಲೆ ಕಾಲೂರಬೇಡಿ, ಅದು ಕಲ್ಲಲ್ಲ, ಜೀವ. ನಿಮ್ಮ ಕಾಲೂ ಕೊಯ್ದುಕೊಳ್ಳುತ್ತದೆ.

ನೀಲ್ ದ್ವೀಪ ಸಣ್ಣದು, ಭತ್ತ ತರಕಾರಿ ಬೆಳೆಯುವ ಊರು, ನಮಗೆ ಹ್ಯಾವ್ಲಾಕ್‌ಗಿಂತ ಇಷ್ಟ. ಇಲ್ಲಿ ಗಡಿಯಾರಕ್ಕಿಂತ ಉಬ್ಬರ–ಇಳಿತ ನೋಡಿಕೊಂಡೇ ಹೊರಡಬೇಕು. ‘ನ್ಯಾಚುರಲ್ ಬ್ರಿಡ್ಜ್’ ಎಂಬ ಕಲ್ಲಿನ ಕಮಾನಿನ ತನಕ ನಡೆದುಹೋಗಲು ಇಳಿತ ಬೇಕು. ಉಬ್ಬರದಲ್ಲಿ ದಾರಿಯೇ ನೀರಿನಡಿ. ಭರತ್‌ಪುರ ಬೀಚ್‌ನ ಗಾಜಿನ ತಳದ ಬೋಟಿಗೆ ಉಬ್ಬರ ಬೇಕು. ಇಳಿತದಲ್ಲಿ ಬೋಟು ದಡಕ್ಕೆ ಬರಲಾಗದು. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ ಅಂತರ, ದಿನದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಅಂದರೆ ನಿನ್ನೆ ಹೋಗಿ ಬಂದವರ ವೇಳೆ ಇವತ್ತಿಗೆ ಹೊಂದದು. ಊರಲ್ಲೇ ಉಬ್ಬರವಿಳಿತದ ಪಟ್ಟಿಯಲ್ಲಿ ಪೋರ್ಟ್ ಬ್ಲೇರ್ ಹಾಕಿ ನೋಡಿಕೊಂಡು ಆ ದಿನದ ಕೆಲಸ ಹೊಂದಿಸಿ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಕಲ್ಲಿನ ಕುಳಿಗಳಲ್ಲಿ ಸಮುದ್ರ ಸೌತೆ, ಏಡಿ, ಬಣ್ಣದ ಮೀನು ನೋಡಲು ಆಗಲೇ ಚೆನ್ನ. ಅಷ್ಟಮಿಯ ಸುತ್ತ ಇಳಿತ ಅಷ್ಟಕ್ಕಷ್ಟೇ. ಕಲ್ಲು ಚೂಪು, ಪಾಚಿಗೆ ಜಾರುತ್ತದೆ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ. ಸೂರ್ಯೋದಯಕ್ಕೆ ಸೀತಾಪುರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ. ಹಿರಿಯರ ಮಂಡಿ ಸರಿಯಿಲ್ಲದಿದ್ದರೆ ಬ್ರಿಡ್ಜ್ ಬಿಡಿ, ಲಕ್ಷ್ಮಣಪುರದಲ್ಲಿ ಕೂರಿಸಿ.

ಬಾರಾಟಾಂಗ್ ಸುಣ್ಣಕಲ್ಲಿನ ಗುಹೆಗೆ ಹೋಗಬೇಕೇ ಎಂದು ಎಲ್ಲರೂ ಕೇಳುತ್ತಾರೆ. ರಾತ್ರಿ ಮೂರಕ್ಕೆ ಎದ್ದು, ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಸಾಲುಗಟ್ಟಿ, ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡಿನ ಮಧ್ಯೆ ವಾಹನಗಳ ಕಾನ್ವಾಯ್‌ನಲ್ಲಿ ಹೋಗಬೇಕು. ಆ ಭಾಗದಲ್ಲಿ ರಸ್ತೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. 1956ರ ಬುಡಕಟ್ಟು ರಕ್ಷಣಾ ಕಾನೂನಿನಡಿ ಅಲ್ಲಿ ನಿಲ್ಲಿಸುವುದು, ಫೋಟೋ, ತಿಂಡಿ ಕೊಡುವುದು ಎಲ್ಲ ಅಪರಾಧ, ಜೈಲಿನವರೆಗೂ ಹೋಗುತ್ತದೆ. ಕಾಂಡ್ಲಾ ಕಾಡಿನ ನಡುವಿನ ಬೋಟಿನ ದಾರಿ ಚೆಂದವೇ. ಆದರೂ ಆರು ರಾತ್ರಿಯ ಪ್ರವಾಸದಲ್ಲಿ ಇದಕ್ಕೊಂದು ದಿನ ಕೊಡುವುದಕ್ಕಿಂತ ನೀಲ್‌ನಲ್ಲಿ ಇನ್ನೊಂದು ರಾತ್ರಿ ಇರುವುದೇ ಮೇಲು. ನಿಕೋಬಾರ್ ಪ್ರವಾಸಿಗರಿಗೆ ತೆರೆದಿಲ್ಲ, ಆ ಯೋಚನೆ ಬೇಡ.

ಖರ್ಚು: ವಿಮಾನ, ಫೆರ್ರಿ, ಸಾಧಾರಣ ಎಸಿ ರೂಮು, ಊಟ, ಒಂದು ಡೈವ್ ಸೇರಿ ಬೆಂಗಳೂರಿನಿಂದ ಒಬ್ಬರಿಗೆ 35,000ದಿಂದ 50,000 ಎಂದಿಟ್ಟುಕೊಳ್ಳಿ, ಏರುಪೇರಾಗುವುದು ಮುಖ್ಯವಾಗಿ ವಿಮಾನದ ದರದಿಂದ. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದಿದ್ದು 2020ರಲ್ಲಿ, ಪೋರ್ಟ್ ಬ್ಲೇರ್‌ನಲ್ಲಿ ಇಂಟರ್‌ನೆಟ್ ಈಗ ಪರವಾಗಿಲ್ಲ. ಚಿಕ್ಕ ದ್ವೀಪಗಳಲ್ಲಿ ಸಿಗ್ನಲ್ ಕೈಕೊಡುತ್ತದೆ, ಆಗ ಫೋನಿನಲ್ಲಿ ಹಣ ಕೊಡಲೂ ಆಗದು, ಎಟಿಎಂ ಬೆರಳೆಣಿಕೆಯಷ್ಟು. ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದಿಟ್ಟುಕೊಳ್ಳಿ, ಟಿಕೆಟ್‌ಗಳ ಪ್ರಿಂಟ್ ಇಟ್ಟುಕೊಳ್ಳಿ. ಹಿಂದಿ ಎಲ್ಲೆಡೆ ನಡೆಯುತ್ತದೆ. ತಮಿಳರು ತೆಲುಗರು ಬಹಳ ಇರುವುದರಿಂದ ಪೋರ್ಟ್ ಬ್ಲೇರ್‌ನಲ್ಲಿ ಇಡ್ಲಿ ದೋಸೆಗೆ ಕೊರತೆ ಇಲ್ಲ, ಸಸ್ಯಾಹಾರಿಗಳು ದ್ವೀಪಗಳಲ್ಲಿ ಅನ್ನ, ದಾಲ್, ಪಲ್ಯಕ್ಕೆ ಹೊಂದಿಕೊಳ್ಳಬೇಕು. ಬೆಳಗ್ಗೆ ಸಂಜೆ ದಂಡೆಯಲ್ಲಿ ನೊರಜಿನಷ್ಟು ಸಣ್ಣ ಮರಳುನೊಣ ಕಚ್ಚುತ್ತದೆ, ತುರಿಕೆ ವಾರವಿಡೀ. ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಸವರಿದರೆ ಕಡಿತ ಕಡಿಮೆ, ಒಣ ಮರಳಲ್ಲಿ ಬರಿಮೈಯಲ್ಲಿ ಮಲಗಬೇಡಿ.

ವಾಪಸ್ ಬರುವ ದಿನ ಬ್ಯಾಗಿನಲ್ಲಿ, ಮಕ್ಕಳ ಜೇಬಿನಲ್ಲಿ ಹವಳದ ತುಂಡು, ಕಪ್ಪೆಚಿಪ್ಪು, ಶಂಖ ಇದೆಯೇ ಎಂದು ರೂಮಿನಲ್ಲೇ ನೋಡಿಬಿಡಿ. ಸತ್ತ ಹವಳವಾದರೂ, ದಂಡೆಯಲ್ಲಿ ಬಿದ್ದಿದ್ದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬ್ಯಾಗ್ ಬಿಚ್ಚಿಸುತ್ತಾರೆ, ವಿಮಾನಕ್ಕೆ ಹೊತ್ತಾಗಿರುವಾಗ ಅರಣ್ಯ ಇಲಾಖೆಯವರ ಮುಂದೆ ವಾದ ನಡೆಯುವುದಿಲ್ಲ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ವಸ್ತುವಾದರೆ ಬಿಲ್ ಕೇಳಿ ಪಡೆದು, ವಸ್ತುವಿನ ಜೊತೆಗೇ ಕೈಚೀಲದಲ್ಲಿಡಿ.